ಉಗುರ ಮೇಲಿನ ತೊಟ್ಟು

ಮಡಿಕೇರಿಯ ಈ ಲ್ಯಾಬಿನಲ್ಲಿ ನನ್ನ ಕೆಲಸ ಮೇಣ ಕೊಯ್ಯುವುದು.
ಮೇಣದೊಳಗೆ ಜನ.
ಕೂದಲಿಗಿಂತ ತೆಳ್ಳಗೆ ಹೆರೆದು
ಉಗುರುಬೆಚ್ಚಗಿನ ನೀರಿನಲ್ಲಿ ತೇಲಿಬಿಟ್ಟು
ಗಾಜಿನ ಮೇಲೆ ಎತ್ತಿಕೊಳ್ಳುತ್ತೇನೆ,
ಅಮ್ಮ ನೀರುದೋಸೆ ಎತ್ತುವ ಹಾಗೆ, ಹರಿಯದಂತೆ.

ಹೆಸರು ನೋಡಬಾರದು. ನಂಬರು ಮಾತ್ರ.
ಆದರೆ ನಾಪೋಕ್ಲಿನ ಚೋಂದವ್ವನ ಹೊಟ್ಟೆಯ ತುಂಡು ಬಂದ ದಿನ
ರಿಜಿಸ್ಟರಿನಲ್ಲಿ ಬರೆದುಕೊಂಡವಳೇ ನಾನು.

ಚೋಂದವ್ವ ಅಂದರೆ ಕಾಚಂಪುಳಿ.
ಪಣಪುಳಿ ಹಣ್ಣು ಬುಟ್ಟಿಯಲ್ಲಿ ಕೊಳೆತು ತೊಟ್ಟಿಕ್ಕಿದ ರಸವನ್ನು
ಎರಡು ದಿನ ಕಾಯಿಸಿ ಕಾಯಿಸಿ
ಹಂಡೆಯನ್ನು ಚೊಂಬಿಗೆ ಇಳಿಸುವವಳು.
ಹೊಗೆಗೆ ಕಣ್ಣು ಕಿರಿದಾಗಿಸಿ
ಒಂದು ತೊಟ್ಟು ಹೆಬ್ಬೆರಳ ಉಗುರಿಗೆ ಬಿಟ್ಟು
ಬೆರಳು ಓರೆ ಮಾಡುತ್ತಾಳೆ.
ಓಡಿದರೆ ಇನ್ನೂ ಸೌದೆ.
ನಿಂತರೆ ಸಾಕು.
ಸುತ್ತಲ ಊರಿನ ಪಂದಿಕರಿಯೆಲ್ಲ ಆ ಉಗುರಿಗೆ ಋಣಿ.

ತುಂಡಿನ ಒಂದು ಪಾಲು ದೂರದ ಸಂಶೋಧನೆಗೆ ಹೋಯಿತು.
ಕ್ಯಾನ್ಸರಿನ ಕೋಶ ಹೇಗೆ ಉಣ್ಣುತ್ತದೆ ಎಂಬುದು ಅಲ್ಲಿಯ ಪ್ರಶ್ನೆ.
ಡಾಕ್ಟರ್ ಫರ್ಜಾನಾ ಚಹಾ ಹೀರುತ್ತ ಹೇಳಿಕೊಟ್ಟಿದ್ದರು:
ಗಾಳಿ ಬೇಕಾದಷ್ಟಿದ್ದರೂ ಗಾಳಿಯೇ ಇಲ್ಲದವರಂತೆ
ಅದು ಸಕ್ಕರೆಯನ್ನು ಅರೆಬರೆ ಸುಟ್ಟು ಹುಳಿ ಉಗುಳುತ್ತದೆ,
ಆ ಹುಳಿಯಲ್ಲಿ ನೆರೆಹೊರೆಯನ್ನು ನೆನೆಹಾಕುತ್ತದೆ,
ಆಮೇಲೆ ಒಳಗೆ ನುಗ್ಗುತ್ತದೆ.

ಒಲೆ ಹೊತ್ತಿಸುವ ಜೀನು, ಕೊಬ್ಬು ಕರಗಿಸುವ ಜೀನು,
ಸಕ್ಕರೆಗೆ ಬಾಗಿಲು ತೆರೆಯುವ ಜೀನು,
ಇಂಥ ಒಂಬತ್ತನ್ನು ಆರಿಸಿ, ಒಂದೊಂದಕ್ಕೂ ತೂಕ ಕಟ್ಟಿ
ಕೂಡಿಸಿದರೆ ಒಂದು ಅಂಕಿ.
ಗೆರೆ ದಾಟಿದವರಿಗೆ ಹೆಚ್ಚು ಅಪಾಯ, ದಾಟದವರಿಗೆ ಕಡಿಮೆ.
ಗೆರೆ ಎಳೆದದ್ದು ಎಲ್ಲಿಯದೋ ಮುನ್ನೂರು ಹೊಟ್ಟೆಗಳ ನಟ್ಟನಡುವೆ.
ಆ ಮುನ್ನೂರರಲ್ಲಿ ಕಡಂಬುಟ್ಟು ಕಂಡ ಹೊಟ್ಟೆ
ಒಂದೂ ಇರಲಿಕ್ಕಿಲ್ಲ.

ಚೋಂದವ್ವನ ಅಂಕಿ ದಾಟಿತ್ತು.
ತುಸುವೇ.
ಕಾಗದದ ನೆತ್ತಿಯಲ್ಲಿ ಅಚ್ಚಾಗಿತ್ತು:
ಸಂಶೋಧನೆಗೆ ಮಾತ್ರ, ರೋಗಿಗೆ ತಿಳಿಸತಕ್ಕದ್ದಲ್ಲ.

ತಪಾಸಣೆಗೆ ಬಂದವಳು ಅರ್ಧ ಹೊಟ್ಟೆ ಹೊತ್ತುಕೊಂಡು
ಮೆಟ್ಟಿಲು ಹತ್ತಿ ಲ್ಯಾಬಿನ ಬಾಗಿಲಿಗೇ ಬಂದಳು.
ಸೀರೆಯ ನೆರಿಗೆ ಹಿಂದಕ್ಕೆ,
ಕೈಯಲ್ಲಿ ಹಳೆ ರಮ್ಮಿನ ಬಾಟಲಿ, ಒಳಗೆ ಕಪ್ಪು.
“ನಿನ್ನ ಮಿಷನ್ನು ಏನಂತೆ?”
“ಹೇಳೋ ಹಾಗಿಲ್ಲ ಚೋಂದವ್ವ.”
“ಹಾಗಾದ್ರೆ ಓಡ್ತು ಅನ್ನು.”

ನಾನು ಸ್ಲೈಡು ಜೋಡಿಸಿದೆ. ಜೋಡಿಸಿದ್ದನ್ನೇ ಮತ್ತೆ.

“ತೊಟ್ಟು ಓಡಿದ್ರೆ ಪುಳಿ ಕೆಟ್ಟಿತು ಅಂತಲ್ಲ ಕೂಸೇ,
ಸೌದೆ ಎಷ್ಟು ಬೇಕು ಅಂತ.
ಡಾಕ್ಟ್ರಿಗೆ ಹೇಳು, ಸೌದೆ ಇದ್ರೆ ಹಾಕ್ಲಿ.”

ಸೌದೆ ಇದೆಯೇ?
ಒಂಬತ್ತು ಜೀನಿಗೆ ಒಂಬತ್ತು ಔಷಧಿ ಇನ್ನೂ ಇಲ್ಲ.
ಗೆರೆಯ ಆಚೆಗೂ ಈಚೆಗೂ ಇಲ್ಲಿ ಕೊಡುವ ಕೀಮೋ ಒಂದೇ.
ಇದನ್ನೂ ಹೇಳಲಿಲ್ಲ.

ರಾತ್ರಿ ಆ ಪ್ರಬಂಧದ ಚಿತ್ರ ತೆರೆದು ಕೂತೆ.
ಎರಡು ಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ,
ಒಂದು ದುಡುದುಡು, ಇನ್ನೊಂದು ಕಂಬಿ ಹಿಡಿದುಕೊಂಡು.
ಒಂದೊಂದು ಇಳಿತಕ್ಕೂ ಯಾರೋ ಒಬ್ಬರು.
ನಡುನಡುವೆ ಸಣ್ಣ ಗೀಟು, ಇರುವೆಯ ಕಾಲಿನಷ್ಟು:
ಎಣಿಕೆ ನಿಂತಾಗ ಇನ್ನೂ ಬದುಕಿದ್ದವರು,
ಇಲ್ಲವೇ ಹೇಳದೆ ಕೇಳದೆ ಎದ್ದುಹೋದವರು.
ದುಡುದುಡು ಇಳಿಯುವ ಗೆರೆಯಲ್ಲೂ ಗೀಟುಗಳಿದ್ದವು.
ಎಣಿಸಿದೆ, ಇಪ್ಪತ್ತಮೂರು.
ಕಣ್ಣು ತಪ್ಪಿತೇನೋ ಎಂದು ಮತ್ತೆ ಎಣಿಸಿದರೆ
ಇಪ್ಪತ್ತನಾಲ್ಕು.

ಬಾಟಲಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿದೆ.
ಹೋಗುವಾಗ ಹೇಳಿದ್ದಳು:
“ಮೂರು ವರ್ಷ ಮುಟ್ಟಬೇಡ, ಹಳೇದಾದಷ್ಟೂ ರುಚಿ.
ಮುಚ್ಚಳ ನಾನೇ ಬಂದು ತೆಗೀತೀನಿ,
ನಿನಗೆ ಹದ ಗೊತ್ತಾಗೋದಿಲ್ಲ.”

ಮುಟ್ಟಿದೆ. ಒಂದೇ ತೊಟ್ಟು.
ಉಗುರಿಗೆ ಬಿಟ್ಟು, ಬೆರಳು ಓರೆ ಮಾಡಿ
ದೀಪಕ್ಕೆ ಹಿಡಿದೆ.

ನಿಂತಿತು.

ಕಲೆ ಇನ್ನೂ ಹೋಗಿಲ್ಲ.
ಗ್ಲೌಸಿನೊಳಗೆ ಇಟ್ಟುಕೊಂಡೇ ಮೇಣ ಕೊಯ್ಯುತ್ತಿದ್ದೇನೆ.