ಕಾಲರಿನ ಗುರುತು

ಮೂವತ್ತೊಂದು ವರ್ಷ ಕಲೆ ತೆಗೆದವನು ನಾನು,
ಕಲೆ ಹಚ್ಚಿಕೊಳ್ಳೋದಕ್ಕೆ
ಐನೂರು ರೂಪಾಯಿ ಕಟ್ಟಿ ಬಂದಿದ್ದೆ.
ನಗಬೇಡ್ರಿ. ಚೀಟಿ ಇನ್ನೂ ಐತೆ:
ಎಂ. ಹಾಲೇಶಪ್ಪ, ವಯಸ್ಸು ಐವತ್ತಮೂರು,
ಎದೆಗೆ ಪಿನ್ನು ಚುಚ್ಚಿದ ನಂಬರು ಇನ್ನೂರ ಆರು.

ಬಾತಿ ಗುಡ್ಡದ ಕೆಳಗೆ, ಚಾನಲ್ ಪಕ್ಕದ ಗದ್ದೆ.
ಭತ್ತ ಕೊಯ್ದ ಕೂಳೆಗೆ ರಾತ್ರಿಯೆಲ್ಲ ನೀರು ಬಿಟ್ಟು
ಟ್ರ್ಯಾಕ್ಟರು ಹೊಡೆಸಿ ಹದ ಮಾಡಿದ್ದರು,
ನಾಟಿಗಲ್ಲ, ನಮಗೆ.
ಸಾಲು ಟೈರು, ಹಗ್ಗದ ಬಲೆ, ಅಡ್ಡ ಮಲಗಿದ ಸಿಮೆಂಟು ಪೈಪು,
ಕೊನೆಗೆ ಎಂಟಡಿಯ ಹಲಗೆ ಗೋಡೆ.
ಮೈಕಿನಲ್ಲಿ ಹುಡುಗನೊಬ್ಬ ಒಂದೇ ಸಮನೆ:
ದೊಡ್ಡಾಸ್ಪತ್ರೆಗೆ ಇನ್ನೊಂದು ಡಯಾಲಿಸಿಸ್ ಯಂತ್ರ ಬೇಕು,
ಓಡ್ರಿ, ಬೀಳ್ರಿ, ದುಡ್ಡು ಎತ್ರಿ.

ದಾದಾಪೀರನಿಗೆ ವಾರಕ್ಕೆ ಎರಡು ಸಲ ರಕ್ತ ತೊಳೀತಾರೆ.
ನನ್ನ ಅಂಗಡಿಯ ಇಸ್ತ್ರಿ ಅವನದು, ಇಪ್ಪತ್ತು ವರ್ಷ.
ಆಸ್ಪತ್ರೆಯಿಂದ ಬಂದವನು ಒಂದು ಸಂಜೆ ಕೇಳಿದ್ದ:
'ಅಣ್ಣಾ, ರಕ್ತಾನೂ ವಾಷಿಂಗಿಗೆ ಹಾಕ್ತಾರಲ್ಲ,
ಅದಕ್ಕೆ ಗುರುತು ಎಲ್ಲಿ ಬರೀತಾರೆ?
ಅದಲುಬದಲಾದ್ರೆ?'
ನಾನು ಉತ್ತರ ಕೊಡಲಿಲ್ಲ.
ಯಾರದೋ ಕೋಟಿನ ಗುಂಡಿ ಎಣಿಸುತ್ತಿದ್ದೆ.

ಸೀಟಿ.
ಮೊದಲ ಹೆಜ್ಜೆಗೇ ಎರೆಮಣ್ಣು ಮೊಣಕಾಲು ಕೇಳಿತು.
ಶಾಯಿಗೆ ಹಾಲು, ಮಿರ್ಚಿಯ ಎಣ್ಣೆಗೆ ಪೌಡರು,
ರಕ್ತಕ್ಕೆ ತಣ್ಣೀರು, ಬಿಸಿ ತಾಗಿಸಿದಿರೋ ಕೆಟ್ಟಿತು,
ಎರೆಗೆ ಮಾತ್ರ ಔಷಧಿಯಿಲ್ಲ, ತಾಳ್ಮೆ:
ಒಣಗಲು ಬಿಡಬೇಕು, ಉದುರಿಸಬೇಕು, ನೀರು ಆಮೇಲೆ.
ಇಷ್ಟು ವಿದ್ಯೆಯನ್ನು ಬಾಯಿಪಾಠ ಹೇಳಿಕೊಳ್ಳುತ್ತಾ
ಬಲೆಯ ಕೆಳಗೆ ಹೊಟ್ಟೆ ಎಳೆದೆ.
ಬಾಯಿಗೆ ಮಣ್ಣು ಹೋಯಿತು.
ಇಷ್ಟು ವರ್ಷ ಅದರ ಬಣ್ಣ ಗೊತ್ತಿತ್ತು, ರುಚಿ ಗೊತ್ತಿರಲಿಲ್ಲ.

ಪೈಪು ದಾಟುವ ಹೊತ್ತಿಗೆ
ಊರಿಗೆಲ್ಲ ಒಂದೇ ಮುಖ.
ನಾನು ಬಟ್ಟೆ ನೋಡಿ ಹೇಳುತ್ತಿದ್ದೆ.
ಆ ತೋಳಿನ ಬಿಟ್ಟ ಹೊಲಿಗೆ ಕಾಲೇಜಿನ ಸರ್ವಮಂಗಳಾ ಮೇಡಂ.
ಆ ಮೊಣಕಾಲಿನ ತೇಪೆ ಪೆಟ್ರೋಲ್ ಬಂಕಿನ ರೇವಣ್ಣ,
ನವೆಂಬರಿನ ಬಾಕಿ ಇನ್ನೂ ಕೊಟ್ಟಿಲ್ಲ.

ಗೋಡೆ.
ಮೂರು ಸಲ ಹಾರಿದೆ, ಮೂರು ಸಲ ಜಾರಿದೆ.
ಮೇಲಿನಿಂದ ಹುಡುಗರು ಕೈ ಚಾಚಿದರು, ಎಟುಕಲಿಲ್ಲ.
ಪಕ್ಕದಲ್ಲಿ ಏದುಸಿರು ಬಿಡುತ್ತಿದ್ದ ಒಂದು ಅಂಗಿ,
ಬೆಳಿಗ್ಗೆ ಬಿಳಿ ಇದ್ದಿರಬೇಕು,
ಹಲಗೆಗೆ ಅಂಗೈ ಕೊಟ್ಟು ಬಗ್ಗಿತು.
'ಹತ್ರೀ.'
ಬಗ್ಗಿದ ಕುತ್ತಿಗೆಯಲ್ಲಿ ಕಾಲರು ಮಗುಚಿತ್ತು. ಒಳಗೆ
ಸೋಡಾಕ್ಕೂ ಬಿಸಿಲಿಗೂ ಜಗ್ಗದ ಕರಿ ಶಾಯಿಯಲ್ಲಿ
ನನ್ನದೇ ಅಕ್ಷರ: ಷ ೧೭.
ವಕೀಲ ಷಡಕ್ಷರಪ್ಪನವರು.
ಅವರ ಮನೆಯ ಗಂಟು ಇವತ್ತಿಗೂ
ನಾವು ಹಿತ್ತಿಲ ಬಾಗಿಲಲ್ಲೇ ಇಸಕೊಳ್ಳೋದು, ಅಪ್ಪನ ಕಾಲದಿಂದ.

ಎತ್ತಿದ ಕಾಲು ಕೆಳಗಿಟ್ಟೆ.
'ಹತ್ರೀ ಬೇಗ, ಸೊಂಟ ಹೋಗ್ತೈತೆ ನಂದು!'
ಯಾರ ಕಾಲು ಅಂತ ಅವರು ತಿರುಗಿ ನೋಡಲಿಲ್ಲ.
ನೋಡಿದ್ದರೂ ಕೆಸರು ಬಿಟ್ಟು ಏನು ಕಾಣುತ್ತಿತ್ತು.
ಹತ್ತಿದೆ.

ಮೇಲೆ ಕೂತಾಗ ಕಂಡದ್ದು ಇಷ್ಟೇ:
ಚಾನಲ್ಲಿನ ಏರಿ, ಪೂರ್ವಕ್ಕೆ ಊರಿನ ಹೊಗೆ,
ಪ್ಲಾಸ್ಟಿಕ್ ಕುರ್ಚಿಯಲ್ಲಿ ದಾದಾಪೀರ,
ಮಡಿಲಲ್ಲಿ ನನ್ನ ಚಪ್ಪಲಿ, ನನ್ನ ವಾಚು,
ನಾನೇ ಅಂದುಕೊಂಡು ಬೇರೆ ಯಾರಿಗೋ
ಎದ್ದೆದ್ದು ಚಪ್ಪಾಳೆ ತಟ್ಟುತ್ತಿದ್ದ.

ಯಂತ್ರಕ್ಕೆ ಇನ್ನೂ ಎರಡೂಕಾಲು ಲಕ್ಷ ಕಡಿಮೆ ಬಿತ್ತಂತೆ.

ಮಂಗಳವಾರ ವಕೀಲರ ಮನೆಯ ಹುಡುಗ ಗಂಟು ತಂದ.
ಒಣಗಿ ಹಪ್ಪಳವಾದ ಅಂಗಿ. ಬಿಚ್ಚಿ ಹರವಿದೆ.
ಬೆನ್ನಿನ ನಡುಮಧ್ಯೆ ಒಂದು ಬಲಗಾಲು,
ಐದೂ ಬೆರಳು,
ಹಿಮ್ಮಡಿಯ ಬಿರುಕು ಸಮೇತ.
'ಸಾಹೇಬ್ರು ಕೇಳಿದ್ರು, ಇದು ಹೋಗ್ತದಾ ಅಂತ.'
'ಎರೆಮಣ್ಣು. ಎರಡು ದಿನ ಬೇಕು ಅಂತ ಹೇಳು.'

ಇಸ್ತ್ರಿಗೆ ಇದ್ದಿಲು ತುಂಬುತ್ತಿದ್ದ ದಾದಾಪೀರ
ಅಂಗಿ ನೋಡಿದ. ನನ್ನ ಕಾಲು ನೋಡಿದ.
ಕೆಂಡ ಊದಿದ, ಬೂದಿ ಹಾರಿತು.
'ಅಣ್ಣಾ, ಮೊದ್ಲು ಕಾಲು ತೊಳ್ಕೊಂಡು ಬಾ,
ಬಿರುಕಿನಾಗೆ ಇನ್ನೂ ಮಣ್ಣು ಐತೆ.'