ಕಡಲ ಕಡೆಯ ಹಗ್ಗ

ಕಮರೀನ್ಯಾಸ್ ಊರಾಚೆಯ ತಿರುವಿನಲ್ಲಿ ನಮ್ಮನ್ನಿಳಿಸಿ
ಬಸ್ಸು ಹೋಯಿತು.
ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವನು ನಾನು.
ಇನ್ನೊಬ್ಬನ ಬಸ್ಸಿನಲ್ಲಿ ಕೂತರೆ ಬಲಗಾಲು ಸುಮ್ಮನಿರದು,
ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತದೆ.
ಸಬೇಲಾ ಮೊಣಕಾಲ ಮೇಲೆ ಕೈಯಿಟ್ಟು ಅಂದಿದ್ದಳು:
"ಇವತ್ತು ನೀನು ಲಗೇಜು, ರಮೀರೊ."

ಆಮೇಲೆ ಕಾಲುದಾರಿ.
ಬಲಕ್ಕೆ ಗುಡ್ಡ, ಎಡಕ್ಕೆ ಏನೂ ಇಲ್ಲ,
ಆ ಏನೂ ಇಲ್ಲದರ ಬುಡದಲ್ಲಿ ಕಡಲು.
ಮುಳ್ಳುಪೊದೆ ಮೈತುಂಬ ಹಳದಿ ಬಿಟ್ಟು
ಕೊಬ್ಬರಿಯ ಹಾಗೆ ನಾರುತ್ತಿತ್ತು.
ಮೇಲೆ ನೀಲಗಿರಿ ತೋಪು, ಕೆಳಗೆ ಅಲೆ,
ಇಬ್ಬರ ಜಗಳದ ನಡುವೆ ಗಾಳಿ
ನಮ್ಮ ಯಾವ ಮಾತನ್ನೂ ಪೂರ್ತಿ ಆಡಗೊಡಲಿಲ್ಲ.

ಒಂದು ಕಡೆ, ಬಹಳ ಕೆಳಗೆ,
ಸೊಂಟಕ್ಕೆ ಹಗ್ಗ ಬಿಗಿದ ಇಬ್ಬರು ಬಂಡೆಗೆ ಅಂಟಿಕೊಂಡು
ಅಲೆಗೂ ಅಲೆಗೂ ನಡುವಿನ ಬಿಡುವಿನಲ್ಲಿ
ಚಿಪ್ಪುಜೀವಿ ಕೆರೆದು ಚೀಲಕ್ಕೆ ತುಂಬುತ್ತಿದ್ದರು.
ಮೇಲೊಬ್ಬಳು ಹಗ್ಗದ ತುದಿ ಹಿಡಿದು ಅಲೆ ಎಣಿಸುವಳು.
ಅವಳು ಕೂಗಿದರೆ ಅವರು ಹತ್ತುವರು.
ಸಬೇಲಾ ನಿಂತಳು.
ಎಷ್ಟು ಅಲೆ ನಿಂತಳೋ.
ನಾನು ಬೂಟಿನ ಲೇಸು ಕಟ್ಟಿಕೊಂಡೆ,
ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿಕೊಂಡೆ.

ಡೇರೆ ಅವಳದು. ಅಂದರೆ ಬ್ರೈಸ್‌ನದು.
ಹನ್ನೊಂದು ವರ್ಷ ಅಟ್ಟದಲ್ಲಿ ಮಲಗಿದ್ದದ್ದು.
ಹೊಸದು ಕೊಳ್ಳೋಣ ಅಂದಿದ್ದೆ.
ಬಟ್ಟೆ ಗಟ್ಟಿಯಿದೆ ಅಂದಳು, ಅಷ್ಟೇ.
ಅವನ ದೋಣಿ ಹೋಗಿಯೂ ಹನ್ನೊಂದು ವರ್ಷ.
ದೋಣಿ ವಾಪಸು ಬಂತು, ಅದು ಬೇರೆ ಮಾತು.

ಪಾಳುಬಿದ್ದ ಕಲ್ಲಿನ ಕಣಜವೊಂದು
ಮೋಟುಗಾಲುಗಳ ಮೇಲೆ ಇನ್ನೂ ನಿಂತಿತ್ತು.
ಅದರ ಮರೆಯಲ್ಲಿ ಜಾಗ ಹಸನು ಮಾಡಿದೆವು.
ಮೂರು ಹಗ್ಗ ಸರಿಹೋದವು.
ನಾಲ್ಕನೆಯದು, ಕಡಲ ಕಡೆಯದು, ಸಾಲಲಿಲ್ಲ:
ನಡುವೆ ಹೆಬ್ಬೆರಳಿನಷ್ಟು ದಪ್ಪ ಒಂದು ಗಂಟು,
ಉಪ್ಪು ಕುಡಿದು ಕಲ್ಲಾದದ್ದು.

ಉಗುರಿನಿಂದ ಕೆದಕಿದೆ.
ಹಲ್ಲಿನಿಂದ ಎಳೆದೆ.
ಫೋರ್ಕಿನ ಮೊನೆ ತೂರಿಸಿದೆ, ಮೊನೆ ಬಾಗಿತು.
ಡಾಂಬರು ರಸ್ತೆಯ ಮನುಷ್ಯ ನಾನು,
ಬೆಸ್ತರ ಬೆರಳು ಬರೆದದ್ದು ನನಗೆ ಓದಲು ಬಾರದು.
ಕೊನೆಗೆ ಚಾಕು ತೆಗೆದೆ.
"ಬಿಡು," ಅಂದಳು ಸಬೇಲಾ, ಒಲೆಯಿಂದ ಮುಖವೆತ್ತದೆ,
"ಅದನ್ನು ಬಿಚ್ಚೋದು ನನಗೂ ಬರಲ್ಲ.
ಗೂಟವನ್ನೇ ಹತ್ತಿರ ಹೊಡಿ."

ಗೂಟವನ್ನೇ ಹತ್ತಿರ ಹೊಡೆದೆ.
ಡೇರೆ ಒಂದು ಭುಜ ಹಾರಿಸಿ ನಿಂತಿತು,
ನನಗೇನು ಗೊತ್ತು ಅನ್ನುವವನ ಹಾಗೆ.

ರಾತ್ರಿ ಸಾರ್ಡೀನಿನ ಡಬ್ಬಿ, ಮೆಕ್ಕೆಜೋಳದ ರೊಟ್ಟಿ,
ಒಂದೇ ಲೋಟದಲ್ಲಿ ವೈನು.
ದೀಪಸ್ತಂಭದ ಬೆಳಕು ಸುತ್ತಿ ಬಂದಾಗಲೆಲ್ಲ
ಹಗ್ಗದ ನೆರಳು ಡೇರೆಯ ಬಟ್ಟೆಯ ಮೇಲೆ ಹಾಯುವುದು,
ನೆರಳಿಗೂ ಒಂದು ಗಂಟು.
ಅವಳ ತಣ್ಣನೆಯ ಪಾದ ನನ್ನ ಮೀನಖಂಡ ಹುಡುಕಿ ಬಂತು.
"ನಿದ್ದೆ ಬಂತಾ?"
"ಬಂತು," ಅಂದೆ.
"ನನಗೂ."
ನಾನು ಬೆಳಕು ಎಣಿಸುತ್ತಿದ್ದೆ.
ಅವಳು ಅಲೆ ಇರಬೇಕು.

ಬೆಳಿಗ್ಗೆ ಕ್ಯಾನು ಹಿಡಿದು ಗುಡ್ಡದ ಒರತೆಗೆ ಹೋದವನು
ಮರಳುವಾಗ ಮೇಲಿನಿಂದ ಕಂಡೆ.
ಗೂಟ ಕಿತ್ತು ಮಂಡಿಯೂರಿ ಕೂತಿದ್ದಾಳೆ,
ಕಣ್ಣು ನೀರಿನ ಕಡೆಗೆ, ಕೈ ಹಗ್ಗದಲ್ಲಿ.
ಹೆಬ್ಬೆರಳಿನದೊಂದು ಒತ್ತು, ಒಂದು ತಿರುವು.
ಮಗುವಿನ ಜಡೆ ಬಿಚ್ಚಿದಷ್ಟು ಸಲೀಸಾಗಿ
ಹಗ್ಗ ಉದ್ದವಾಯಿತು.
ಬಿಸಿಲಿಗೆ ಬೂದಿಯಾದ ಹಗ್ಗದಲ್ಲಿ
ಗಂಟಿನೊಳಗೆ ಇದ್ದಷ್ಟು ಭಾಗ ಮಾತ್ರ,
ಒಂದು ಗೇಣು,
ಅಂಗಡಿಯಿಂದ ಈಗ ತಂದಂಥ ನೀಲಿ.
ಅದನ್ನು ಅಂಗೈಯಲ್ಲಿಟ್ಟು ನೋಡಿದಳು.
ಆಮೇಲೆ ಮತ್ತೆ ಕಟ್ಟಿದಳು.
ಅದೇ ಜಾಗಕ್ಕೆ. ಅದೇ ಗಂಟು.

ನಾನು ನಾಲ್ಕು ಹೆಜ್ಜೆ ಹಿಂದೆ ಸರಿದೆ,
ಹಳದಿ ಪೊದೆಗಳ ಆಚೆಗೆ.
ಕ್ಯಾನನ್ನು ಬಂಡೆಗೆ ಎರಡು ಸಲ ಜೋರಾಗಿ ಬಡಿದೆ,
ಕುರುಡು ತಿರುವಿನಲ್ಲಿ ಹಾರ್ನು ಹೊಡೆಯುವ ಹಾಗೆ.
ಮತ್ತೆ ಇಳಿದೆ.

"ಎಷ್ಟು ಹೊತ್ತು!" ಅಂದಳು, ಡೇರೆ ಮಡಿಸುತ್ತ.
"ಒರತೆ ಸಣ್ಣದು," ಅಂದೆ,
"ತುಂಬುವುದು ನಿಧಾನ."