ಟೆಂಡರ್ ಮತ

ಉಪ್ಪಳ್ಳಿಯ ಉರ್ದು ಶಾಲೆ, ಬಲಗಡೆಯ ಕೋಣೆ.
ಗೋಡೆಯ ಮೇಲೆ ಹದಿಮೂರರ ಮಗ್ಗಿ, ಅದರ ಕೆಳಗೆ ನಾನು,
ಉಳಿದ ದಿನ ಕಡೂರಿನಲ್ಲಿ ಲೆಕ್ಕದ ಮೇಷ್ಟ್ರು,
ಇವತ್ತು ಒಂದನೇ ಮತಗಟ್ಟೆ ಅಧಿಕಾರಿ.
ನನ್ನ ಕೆಲಸ ಇಷ್ಟೇ: ಹೆಸರು ಕೂಗುವುದು,
ಏಜೆಂಟರು ಸುಮ್ಮನಿದ್ದರೆ ಹೆಸರಿನಡಿ ಕೆಂಪು ಗೆರೆ,
ಹೆಂಗಸಾದರೆ ಪಕ್ಕದಲ್ಲೊಂದು ಟಿಕ್ಕು.

ಮೂರೂ ಕಾಲಿಗೆ ಅವಳು ಬಂದಳು.
ಕ್ಯೂರಿಂಗ್ ವರ್ಕ್ಸಿಗೆ ರಜೆ, ಆದರೂ
ಬೆರಳ ಸಂದಿಯಲ್ಲಿ ಕಾಫಿ ಹೊಟ್ಟಿನ ಕಂದು.
ಆರುನೂರ ಹನ್ನೆರಡು, ಖೈರುನ್ನೀಸಾ, ಗಂಡ ಬುಡನ್ ಸಾಬ್.
ಗೆರೆ ಆಗಲೇ ಇತ್ತು. ಟಿಕ್ಕೂ ಇತ್ತು.

"ನಿಮ್ಮದು ಆಗಿದೆಯಲ್ಲಮ್ಮ" ಅಂದೆ.
ಅವಳು ಎಡಗೈ ತೋರುಬೆರಳು ಚಾಚಿದಳು
ಡಾಕ್ಟರಿಗೆ ಗಾಯ ತೋರಿಸುವ ಹಾಗೆ.
ಗಾಯ ಇರಲಿಲ್ಲ. ಶಾಯಿಯೂ.

"ಕಳ್ಳ ಓಟು!" ಒಬ್ಬ ಏಜೆಂಟ್ ಎದ್ದ.
"ನಿಮ್ಮವರದೇ" ಇನ್ನೊಬ್ಬ ಎದ್ದ.
ನಾನು ಕೆಳಗಿನ ಸಾಲು ನೋಡುತ್ತಿದ್ದೆ:
ಆರುನೂರ ಹದಿಮೂರು, ಖೈರುನ್ನೀಸಾ, ಗಂಡ ಬಾಬಾಜಾನ್.
ಗೆರೆಯಿಲ್ಲ.
ಬೆಳಿಗ್ಗೆ ಒಂಬತ್ತರ ನೂಕುನುಗ್ಗಲು, ನಿಂತ ಫ್ಯಾನು,
ಒಂದು ಸಾಲು ಮೇಲೆ ಜಾರಿದ ನನ್ನ ಸ್ಕೇಲು.
ಬಾಯಿಯವರೆಗೆ ಬಂದದ್ದನ್ನು
ತಣ್ಣಗಾದ ಚಹಾದ ಜೊತೆ ನುಂಗಿದೆ.

ಸರ್ವಮಂಗಳಾ ಮೇಡಂ ಕೈಪಿಡಿ ತೆಗೆದರು.
ಮನೆ ನಂಬರು? ಗಂಡನ ಹೆಸರು? ವಯಸ್ಸು?
ಕೇಳದ್ದಕ್ಕೂ ಅವಳು ಉತ್ತರ ಹೇಳಿದಳು:
ಹೋದ ಸಲ ಹಾಕಿದ್ದು, ಅದರ ಹಿಂದಿನ ಸಲ
ಹೊಟ್ಟೆಯಲ್ಲಿ ರುಕ್ಸಾನಾ ಇದ್ದಾಗ ಸಾಲಿನಲ್ಲಿ ನಿಂತದ್ದು.
ನಿಯಮ ಒಪ್ಪಿತು. ಯಂತ್ರ ಮಾತ್ರ ಇಲ್ಲ.
ಒಂದು ಕಾಗದದ ಮತಪತ್ರ, ಬಾಣದ ಗುರುತಿನ ಮುದ್ರೆ,
ಬೇರೆ ಪಟ್ಟಿಯಲ್ಲಿ ರುಜು, ಬೇರೆ ಲಕೋಟೆ.

"ಇದನ್ನ ಎಣಿಸ್ತಾರಾ ಸಾರ್?"
ಕೋರ್ಟು ಕೇಳಿದರೆ, ಅಂದೆ.
"ಕೋರ್ಟು ಯಾಕೆ ಕೇಳುತ್ತೆ?"
ಹದಿಮೂರರ ಮಗ್ಗಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಅವಳು ಕಾಗದ ಮಡಿಸಿದಳು, ಒಮ್ಮೆ, ಇನ್ನೊಮ್ಮೆ.
"ನಮ್ಮಲ್ಲೂ ಕರಿ ಬೀಜ ಆರಿಸಿ ಬೇರೆ ಚೀಲಕ್ಕೆ ಹಾಕ್ತೀವಿ.
ಆದ್ರೆ ಸಂಜೆ ಅದನ್ನೂ ತೂಕಕ್ಕೆ ಇಡ್ತಾರೆ."
ಬೈದದ್ದಲ್ಲ. ಸುಮ್ಮನೆ ಹೇಳಿದ್ದು.
ಹೋಗುವಾಗ ಶಾಯಿ ಬಿದ್ದ ಬೆರಳನ್ನು
ಉಳಿದ ಬೆರಳುಗಳಿಂದ ದೂರ ಹಿಡಿದಿದ್ದಳು, ಒಣಗಲಿ ಎಂದು.

ಆರು ಗಂಟೆ. ಅರಗು, ದಾರ, ಮೇಣದಬತ್ತಿ.
ಲೆಕ್ಕದ ನಮೂನೆಯಲ್ಲಿ ಟೆಂಡರ್ ಮತಗಳ ಕಾಲಂ.
"ಅಕ್ಷರ ಚೆನ್ನಾಗಿದೆ, ನೀವೇ ತುಂಬಿ" ಎಂದರು ಮೇಡಂ.
ಅಂಕಿಯಲ್ಲಿ ಬರೆದೆ: ೧.
ಅಕ್ಷರದಲ್ಲಿ ಬರೆದೆ: ಒಂದು.
ಯಾರದು ತಪ್ಪು ಎಂಬ ಕಾಲಂ
ಆ ನಮೂನೆಯಲ್ಲಿ ಇರಲಿಲ್ಲ.
ಕೆಂಪು ಪೆನ್ನು ಇಲಾಖೆಯದು, ವಾಪಸು ಕೊಡಬೇಕಿತ್ತು.
ಕೊಡಲಿಲ್ಲ. ಜೇಬಿನಲ್ಲೇ ಇದೆ.